ಮಾತ್ರೆ ಹಿಡಿಯಲೆಂದು ಕಾದ ವಾರಗಳು

ಬೋಗಾದಿಯ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತಿದ್ದೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ರಾಸಾಯನಿಕಗಳ ಮೂಲಕ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬಿಡಿಸಿ ಹೇಳುತ್ತಿದ್ದವಳು. ಕಳೆದ ವರ್ಷ ಅದೇ ಪಾಠದ ಮಧ್ಯೆ ಮಾತು ನಿಂತುಹೋಯಿತು. ಮರೆತಿರಲಿಲ್ಲ. ಮುಂದಿನ ವಾಕ್ಯ ಹೇಳಿ ಏನಾಗಬೇಕು ಅನ್ನಿಸಿತು, ಅಷ್ಟೆ. ಮಕ್ಕಳು ಕಾದರು. ನಾನು ಸೀಮೆಸುಣ್ಣ ಇಟ್ಟು, ಮನೆಗೆ ಬಂದು ಮಲಗಿಬಿಟ್ಟೆ. ಯಾರೂ ತೀರಿಕೊಂಡಿರಲಿಲ್ಲ, ಏನೂ ಕೈತಪ್ಪಿರಲಿಲ್ಲ. ಆದರೂ ಮತ್ತೆ ಕಾಲೇಜಿಗೆ ಹೋಗಲಾಗಲಿಲ್ಲ.

ನಾನು ಫೋನ್ ಎತ್ತದ್ದಕ್ಕೆ ಹೆದರಿ ಕುಂಬಾರಕೊಪ್ಪಲಿನಿಂದ ಅಮ್ಮ ಆಟೊ ಹಿಡಿದು ಬಂದಳು. ಬಾಚದೆ ಗಂಟುಕಟ್ಟಿದ್ದ ನನ್ನ ತಲೆ ನೋಡಿ, ಎಣ್ಣೆ ಬಿಸಿ ಮಾಡಿದಳು. ಮರುದಿನ ಅವಳೇ ಯಾದವಗಿರಿಯಲ್ಲಿದ್ದ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು.

"ನರಕೋಶಗಳ ಸುದ್ದಿ ಒಯ್ಯೋ ಸೆರೊಟೋನಿನ್ ವಿಷಯ ನಿಮಗೆ ನಾನು ಹೇಳ್ಬೇಕಾಗಿಲ್ಲ ಮೇಡಂ," ಎಂದರು ಡಾಕ್ಟರು. "ಆದ್ರೆ ಅದೊಂದು ಕಮ್ಮಿಯಾಗಿ ಖಿನ್ನತೆ ಬರುತ್ತೆ ಅನ್ನೋದು ಪೂರ್ತಿ ನಿಜ ಅಲ್ಲ. ಮಾತ್ರೆ ತಗೊಂಡ್ರೆ ಅದು ಬೇಗ ಏರುತ್ತೆ, ಮನಸ್ಸು ಮಾತ್ರ ವಾರಗಟ್ಟಲೆ ಏಳಲ್ಲ. ನರಕೋಶಗಳನ್ನ ಬೆಳೆಸೋ ಪ್ರೋಟೀನ್ ಒಂದಿದೆ. ಒತ್ತಡ ಬಹಳ ದಿನ ಇದ್ರೆ ಅದು ಇಳಿಯುತ್ತೆ ಅಂತಾರೆ. ಮಾತ್ರೆಯಿಂದ ಅದು ಮೆಲ್ಲಗೆ ಏರಿ, ಕೋಶಗಳು ಹೊಸದಾಗಿ ಟಿಸಿಲೊಡೆಯೋಕೆ ಟೈಮ್ ಬೇಕೇನೋ. ಖಚಿತವಾಗಿ ನಮಗೂ ಗೊತ್ತಿಲ್ಲ."

ಗೊತ್ತಿಲ್ಲ ಎಂದದ್ದು ಪ್ರಾಮಾಣಿಕ ಮಾತು. ಅದೂ ನನ್ನನ್ನು ಮುಟ್ಟಲಿಲ್ಲ.

ಮಾತ್ರೆ ಶುರುವಾಯಿತು. ಬಾಯಿ ಒಣಗಿತು, ಹೊಟ್ಟೆ ತೊಳಸಿತು, ಮನಸ್ಸು ಕದಲಲಿಲ್ಲ. ಅಮ್ಮ ತಟ್ಟೆ ಹಿಡಿದು ಪಕ್ಕದಲ್ಲೇ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಮುದ್ದೆ ಮುರಿಯುತ್ತಾ ಕೇಳಿದಳು.

"ನಾನೇನಾರ ಕಮ್ಮಿ ಮಾಡ್ಬುಟ್ನಾ ನಿಂಗೆ?"

"ಇಲ್ಲಮ್ಮ. ಮಿದುಳಲ್ಲಿ ರಾಸಾಯನಿಕ ಏರುಪೇರಾಗಿರೋದು. ನಿನ್ನಿಂದ ಅಲ್ಲ."

ಅವಳು ತುತ್ತನ್ನು ಸಾರಿನಲ್ಲಿ ಅದ್ದಿದಳು. "ಅದು ಏರುಪೇರಾದ್ರೆ, ಹೆತ್ತೋಳು ಪಕ್ಕದಲ್ಲಿ ಕುಂತ್ರೂ ಏನೂ ಅನ್ಸಲ್ವಾ ಮಗ?"

"ಅನ್ಸಲ್ಲಮ್ಮ," ಎಂದೆ. ಸುಳ್ಳು ಹೇಳುವ ಶಕ್ತಿಯೂ ಇರಲಿಲ್ಲ.

ಅವಳು ಸೆರಗಿನಿಂದ ನನ್ನ ಬಾಯಿ ಒರೆಸಿದಳು, ಆಮೇಲೆ ತನ್ನ ಕಣ್ಣು. ಅಳಬೇಕಾದವಳು ನಾನು ಎಂದು ತಿಳಿಯುತ್ತಿತ್ತು. ಅಳು ಬರಲಿಲ್ಲ.

ವಾರಗಟ್ಟಲೆ ಕಾದರೂ ಆ ಮಾತ್ರೆ ಹಿಡಿಯಲಿಲ್ಲ. ಡಾಕ್ಟರು ಬೇರೆಯದನ್ನು ಬರೆದು, ಮತ್ತೆ ಕಾಯಬೇಕು ಎಂದರು. ಅಷ್ಟರಲ್ಲಿ ಕಾಲೇಜಿನವರು ನನ್ನ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಂಡರು. ಈಗ ದಿನವೂ ಸ್ನಾನ ಮಾಡುತ್ತೇನೆ. ಸಂಜೆ ಅಮ್ಮನ ಜೊತೆ ಬೀದಿಯ ಕೊನೆಯವರೆಗೆ ನಡೆಯುತ್ತೇನೆ. ಇದು ಸುಧಾರಣೆ ಎನ್ನುತ್ತಾರೆ ಡಾಕ್ಟರು. ನಡೆಯುವಾಗ ಅಮ್ಮ ಕೈ ಹಿಡಿದಿರುತ್ತಾಳೆ. ಆ ಕೈ ಬೆಚ್ಚಗಿದೆ ಎಂದು ತಿಳಿಯುತ್ತದೆ. ಅದಕ್ಕಿಂತ ಹೆಚ್ಚೇನೂ ಇನ್ನೂ ಆಗಿಲ್ಲ.