ಪಾವು ಕೆಟ್ಟಿತು ಎಂದುಕೊಂಡು

ಎಂಬತ್ತರ ದಶಕದಲ್ಲಿ ಅನ್ನೂರಿನ ಹತ್ತಿರದ ನಮ್ಮ ನೇಕಾರರ ಬೀದಿಯಲ್ಲಿ, ಮದುವೆಯ ಸೀರೆಯನ್ನು ಹೆಣ್ಣಿನ ಮನೆಯ ಮಗ್ಗದಲ್ಲೇ ನೇಯುತ್ತಿದ್ದರು. ಮೊದಲು ಪಾವನ್ನು, ಎಂದರೆ ಸೀರೆಯ ಉದ್ದದ ನೂಲನ್ನು, ಬೀದಿಯಲ್ಲಿ ಬಿಗಿದು ಕಟ್ಟಿ, ಗಂಜಿ ಹಚ್ಚಿ ಒಣಗಿಸಬೇಕು. ಹಸಿಯಲ್ಲೇ ಸುತ್ತಿದರೆ ಎಳೆಗಳು ಅಂಟಿಕೊಂಡು ಮಗ್ಗದಲ್ಲಿ ಕಡಿಯುತ್ತವೆ.

ಪಾವು ಕಟ್ಟುವ ಹಿಂದಿನ ಸಂಜೆ ನಮ್ಮಜ್ಜಿ ಮನೆಯವರನ್ನೆಲ್ಲ ಕೂರಿಸಿ ಕೇಳುತ್ತಿದ್ದಳು: "ಪಾವು ಕೆಟ್ಟೋಯ್ತು. ಯಾಕೆ ಕೆಡ್ತು, ಹೇಳಿ."

ಇನ್ನೂ ಕಟ್ಟದ ಪಾವು ಕೆಟ್ಟೇಹೋಯಿತೆಂದುಕೊಂಡು ನಾವು ಕಾರಣ ಹೇಳಬೇಕು. ಅದಕ್ಕೆ ಅವಳು ಆಗಲೇ ಉಪಾಯ ಹುಡುಕುತ್ತಿದ್ದಳು. ಅಕ್ಕನ ಮದುವೆಯ ಪಾವಿಗೂ ಹೀಗೇ ಕೇಳಿದಳು. ಅದು ಕೆಟ್ಟರೆ ಇನ್ನೊಂದಕ್ಕೆ ಸಮಯವಿರಲಿಲ್ಲ. ಅಕ್ಕ ಅಂಗಡಿಯ ಸೀರೆಯುಟ್ಟು ಹಸೆಮಣೆ ಏರಬೇಕಾಗುತ್ತಿತ್ತು.

"ಮಳೆ ಬಂತು," ಎಂದರು ಅಪ್ಪ.

"ನಿಮ್ಮ ಮಗ ಗಂಜಿ ಗಟ್ಟಿ ಮಾಡಿದ್ರು," ಎಂದಳು ಅಮ್ಮ, ಅಪ್ಪನತ್ತ ನೋಡಿ. ಎಲ್ಲರೂ ನಕ್ಕರು.

ಆಮೇಲೆ ಅಕ್ಕನೇ ಮೆಲ್ಲಗೆ ಹೇಳಿದಳು: "ಎದುರುಮನೆ ತಾತ ಹೋಗ್ಬಿಟ್ರು."

"ಏಯ್, ನಲ್ಲ ಕಾರ್ಯದಲ್ಲಿ ಇದೇನ್ ಮಾತು!" ಶುಭಕಾರ್ಯಕ್ಕೆ ಅಪಶಕುನವೆಂದು ಅಪ್ಪ ಸಿಡುಕಿದರು.

ಆದರೆ ಬೀದಿಗೆ ಹಿರಿಯ ನೇಕಾರರಾದ ಆ ತಾತ ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಸಾವಿನ ಅಳು ಕೇಳಿದ ಕೂಡಲೇ ಬೀದಿಯ ಕೆಲಸವೆಲ್ಲ ನಿಲ್ಲಬೇಕು. ಪಾವನ್ನು ಹಸಿಯಲ್ಲೇ ಬಿಚ್ಚಬೇಕು. ಅಜ್ಜಿ, "ಕೋವಿಲ್ ಹಿಂದಿನ ಬೀದೀಲಿ ಕಟ್ಟೋಣ, ಅಳು ಅಲ್ಲಿಗೆ ಕೇಳ್ಸಲ್ಲ," ಎಂದಳು.

ಮರುದಿನ ಗುಡಿಯ ಹಿಂದೆ ಪಾವು ಚೆನ್ನಾಗಿ ಒಣಗಿತು. ಮಧ್ಯಾಹ್ನ ಅದನ್ನು ಸುತ್ತಿ ಮನೆಗೆ ತರುವಾಗ ತಾತ ತಮ್ಮ ಜಗಲಿಯ ಮೇಲೆ ದಿಂಬಿಗೊರಗಿ ಕೂತಿದ್ದರು.

"ಏನಮ್ಮಾ, ನಮ್ ಬೀದಿ ಬಿಟ್ಟು ಅಲ್ಲಿಗ್ಯಾಕೆ ಹೋದ್ರಿ?" ಎಂದು ಅಜ್ಜಿಯನ್ನು ಕೇಳಿದರು.

"ಅಲ್ಲಿ ಬಿಸಿಲು ಜಾಸ್ತಿ, ಅಣ್ಣಾ."

"ಸುಳ್ಳು ಹೇಳ್ಬೇಡ. ನಾನು ಸತ್ತೋದ್ರೆ ಅಂತ ತಾನೇ? ನಾನೂ ಅದನ್ನೇ ಯೋಚ್ನೆ ಮಾಡಿದ್ದೆ. ಪಾವು ಒಣಗೋವರ್ಗೂ ಯಾರೂ ಬಾಯ್ಬಿಟ್ಟು ಅಳಬಾರ್ದು ಅಂತ ಮನೇಲಿ ಎಲ್ಲರ ಹತ್ರ ಸತ್ಯ ಮಾಡಿಸ್ಕೊಂಡಿದ್ದೆ."

"ಸತ್ತ ಮೇಲೂ ಅಧಿಕಾರ ಬಿಡಲ್ಲ ಈ ಮನುಷ್ಯ!" ಒಳಗಿನಿಂದ ಅವರ ಹೆಂಡತಿ ಕೂಗಿದರು.

ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ತಾತ ಅವಳನ್ನೇ ಅಕ್ಕರೆಯಿಂದ ನೋಡಿ, "ನಾನು ಬದುಕಿರ್ತೀನಿ ಅಂತ ಒಬ್ಬರಿಗೂ ತೋಚ್ಲಿಲ್ವಾ, ಕಣ್ಣು? ನಿನ್ನ ಪಾವು ನೋಡೋಕೆ ಬೆಳಿಗ್ಗೆಯಿಂದ ಕಾದು ಕೂತಿದ್ದೀನಿ," ಎಂದರು.

ಅಪ್ಪ ಹೆಗಲ ಮೇಲಿದ್ದ ಪಾವಿನ ಸುತ್ತನ್ನು ಇಳಿಸಿ ಅವರ ಪಕ್ಕದಲ್ಲಿಟ್ಟರು. ತಾತ ಎಳೆಗಳ ಮೇಲೆ ಬಹಳ ಹೊತ್ತು ಬೆರಳಾಡಿಸಿದರು.

"ಗಂಜಿ ಸ್ವಲ್ಪ ಗಟ್ಟಿ," ಎಂದರು.