ಅಕ್ಕನನ್ನು ಎಬ್ಬಿಸಿದ್ದು

ರೋಗಿಯನ್ನು ನೋಡಲು ಹೊರಟವರು ಸೇಬನ್ನೇ ಏಕೆ ಕೊಳ್ಳುತ್ತಾರೋ ನನಗೆ ಇಂದಿಗೂ ತಿಳಿದಿಲ್ಲ. ಸುತ್ತ ನಾಲ್ಕು ಊರಿನಲ್ಲಿ ದ್ರಾಕ್ಷಿ ತೂಗಾಡುತ್ತಿದ್ದರೂ ಸಾದಲಿಯ ನಮ್ಮ ಮನೆಯ ಮುಂದೆ ಬಸ್ಸಿಳಿದವರ ಕೈಯಲ್ಲೆಲ್ಲ ಸೇಬೇ. ಅಕ್ಕನಿಗೆ ಕ್ಯಾನ್ಸರ್ ಎಂದು ತಿಳಿದ ಮೇಲೆ, ಚಿಕಿತ್ಸೆ ಮುಗಿಯುವವರೆಗೆ ಇರಲೆಂದು ನಾನೇ ಅವಳನ್ನು ಕರೆತಂದಿದ್ದೆ. ಅವಳಿಗೆ ಬೇಕಾಗಿದ್ದದ್ದು ನಿದ್ದೆ. ಅದನ್ನು ಯಾರೂ ಚೀಲದಲ್ಲಿ ತರಲಿಲ್ಲ. ಇದ್ದ ಚೂರನ್ನೂ ಕಿತ್ತುಕೊಂಡವನು ನಾನು.

ಔಷಧಿಯ ಕಾವೋ, ನೋವೋ, ಭಯವೋ, ರಾತ್ರಿಯೆಲ್ಲ ಅವಳ ಕಣ್ಣು ಮುಚ್ಚುತ್ತಿರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಹೇಗೋ ಜೊಂಪು ಹತ್ತುತ್ತಿತ್ತು. ನೆಂಟರ ಬಸ್ಸು ಬರುತ್ತಿದ್ದದ್ದೂ ಅದೇ ಹೊತ್ತಿಗೆ. ಅಷ್ಟು ದೂರದಿಂದ ಬಂದವರಿಗೆ ರೋಗಿಯ ಮುಖ ತೋರಿಸದೆ ಕಳಿಸಿದರೆ ಮನೆಯ ಮರ್ಯಾದೆ ಏನಾಗಬೇಕು? ಭುಜ ಅಲುಗಿಸಿ, "ಅಕ್ಕ, ಯಾರ್ ಬಂದವ್ರೆ ನೋಡು," ಎನ್ನುತ್ತಿದ್ದೆ. ಹೀಗೆ ಎಬ್ಬಿಸಿ ಕೂರಿಸಿದವಳಿಗೆ ಬಂದವರು ನಿದ್ದೆ ಮಾಡುವ ವಿದ್ಯೆ ಕಲಿಸುತ್ತಿದ್ದರು. ಮಂಚೇನಹಳ್ಳಿಯ ಅತ್ತೆ ಗಸಗಸೆ ಪಾಯಸ ಎಂದರು. ಅವರ ಮಗ ಮೊಬೈಲು ನೋಡಿ, "ಏನೂ ಯೋಚ್ನೆ ಮಾಡ್ಬಾರ್ದಂತೆ ಅಕ್ಕ, ಅಷ್ಟೇ," ಎಂದ. ಏಳನೇ ತರಗತಿಗೆ ಶಾಲೆ ಬಿಟ್ಟ ನನಗೆ ಅದು ಬಹಳ ಓದಿದವರ ಮಾತಿನಂತೆ ಕೇಳಿಸಿ, ತಲೆದೂಗಿದೆ.

ಅಂದು ನಮ್ಮ ರೇಷ್ಮೆ ಹುಳುಗಳು ಪೊರೆ ಬಿಡುವ ಮುಂಚಿನ ನಿದ್ದೆಗೆ ಕೂತಿದ್ದವು. ಆಗ ಅವನ್ನು ಯಾರೂ ಅಲುಗಿಸಬಾರದು. ಹುಳುಮನೆ ನೋಡಲು ಹೊರಟ ಅತ್ತೆಯನ್ನು ಬಾಗಿಲಲ್ಲೇ ತಡೆದು, "ಈಗ ಬೇಡ ಅತ್ತೆ, ಮಲಗವೆ," ಎಂದೆ.

ಪಕ್ಕದ ಕೋಣೆಯ ಮಂಚದಿಂದ ಅಕ್ಕ ಅಂದಳು: "ಮುಂದಿನ್ ಜನ್ಮದಲ್ಲಿ ನಿನ್ ಹುಳ ಆಗಿ ಹುಟ್ತೀನಿ ಕಣೋ. ಕೊನೇಗೆ ಗೂಡ್ ಸಮೇತ ಬಿಸಿನೀರಿಗೆ ಕಳಿಸ್ತೀಯ, ಸರಿ. ಅಲ್ಲಿಗಂಟ ಮಲಗೋಕಾದ್ರೂ ಬಿಡ್ತೀಯಲ್ಲ."

ಅತ್ತೆ ನಕ್ಕರು. ನಾನೂ ನಗಲು ಹೋದೆ, ಆಗಲಿಲ್ಲ.

ಮುಂದಿನ ಭಾನುವಾರ ಪೆರೇಸಂದ್ರದ ಚಿಕ್ಕಪ್ಪ ಬಂದಾಗ, "ಅಕ್ಕ ಮಲಗವ್ಳೆ, ಎಬ್ಬಿಸಲ್ಲ," ಎಂದೆ.

"ಒಂದ್ಸಲ ಮುಖ ನೋಡ್ಕೊಂಡ್ ಹೋಗ್ತೀನಪ್ಪ. ನಾನೇನ್ ಹೊರಗಿನೋನಾ?"

"ಹೊರಗಿನೋರಾಗಿದ್ರೆ ಎಬ್ಬಿಸ್ತಿದ್ದೆ ಚಿಕ್ಕಪ್ಪ."

ಅವರು ಕಾಫಿ ಮುಟ್ಟದೆ ಎದ್ದು ಹೋದರು. ನೆಂಟರ ನಡುವೆ ನನ್ನ ಹೆಸರು ಈಗ ಯಾವ ಸ್ಥಿತಿಯಲ್ಲಿದೆಯೋ ವಿಚಾರಿಸಿಲ್ಲ.

"ಹೋದ್ರಾ?" ಒಳಗಿನಿಂದ ಅಕ್ಕನ ದನಿ. ನಮ್ಮ ಮಾತಿಗೇ ಎಚ್ಚರವಾಗಿತ್ತು.

"ಹೋದ್ರು."

"ಕದ ಎಳ್ಕೊಂಡ್ ಹೋಗಪ್ಪ."

ಎಳೆದುಕೊಂಡೆ. ಮತ್ತೆ ನಿದ್ದೆ ಹತ್ತಿತೋ ಇಲ್ಲವೋ ಎಂದು ಇಣುಕಿ ನೋಡುವ ಚಪಲ ಬಹಳವಿತ್ತು. ಸಂಜೆಯವರೆಗೆ ಆ ಕದ ಮುಟ್ಟಲಿಲ್ಲ.