ಎಂಬತ್ಮೂರನೇ ವಯಸ್ಸಿನಲ್ಲಿ ಹುಟ್ಟಿದ ನೋನಿ

ನೋನಿ ಸ್ಕ್ಯಾನ್ಲನ್ ಐರ್ಲೆಂಡಿನಿಂದ ಇಂಗ್ಲೆಂಡಿನ ಕೊವೆಂಟ್ರಿಗೆ ಬಂದು ಅರವತ್ತಾರು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಒಬ್ಬ ಅಧಿಕಾರಿಯೂ ಅವಳನ್ನು ನೀನು ಹುಟ್ಟಿದ್ದಕ್ಕೆ ಪುರಾವೆ ಏನು ಎಂದು ಕೇಳಿರಲಿಲ್ಲ. 1953ರಲ್ಲಿ, ಹದಿನೇಳರ ಹುಡುಗಿ, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ ಹಿಡಿದು ಹಡಗು ಹತ್ತಿದಾಗ ಅವಳ ಹತ್ತಿರ ಇದ್ದದ್ದು ಮೇಯೋ ಜಿಲ್ಲೆಯ ತನ್ನ ಹಳ್ಳಿಯ ಪಾದ್ರಿ ಬರೆದುಕೊಟ್ಟ ಒಂದು ಚೀಟಿ. ನೋನಿ ಹಾರ್ಟಿಗನ್ ಎಂಬ ಈಕೆ ಒಳ್ಳೆಯ ಮನೆತನದವಳು, 1935ರ ನವೆಂಬರ್ ಹದಿನಾಲ್ಕರಂದು ಹುಟ್ಟಿದವಳು, ಅಡುಗೆ ಬಲ್ಲಳು ಎಂದು ಅದರಲ್ಲಿತ್ತು. ಅಡುಗೆಯ ಮಾತು ಶುದ್ಧ ಸುಳ್ಳು. ಆದರೂ ಆ ಚೀಟಿಯ ಬಲದ ಮೇಲೆ ಕಾರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು, ಬಸ್ ಡ್ರೈವರ್ ಮಿಕ್ ಸ್ಕ್ಯಾನ್ಲನ್ ಜೊತೆ ಮದುವೆಯಾಯಿತು, ಮಗನಾದ, ವಯಸ್ಸಾದ ಮೇಲೆ ಫೋಟೋ ಅಂಟಿಸಿದ ಬಸ್ ಪಾಸೂ ಬಂತು. ಪಾಸ್‌ಪೋರ್ಟ್ ಎಂಬುದನ್ನು ಅವಳು ಮುಟ್ಟಿಯೂ ನೋಡಿರಲಿಲ್ಲ. ಐರ್ಲೆಂಡಿಗೂ ಇಂಗ್ಲೆಂಡಿಗೂ ನೂರಾರು ವರ್ಷಗಳ ಜಗಳವಿದ್ದರೂ ನಡುವೆ ಓಡಾಡುವ ಹಡಗಿನಲ್ಲಿ ಪಾಸ್‌ಪೋರ್ಟ್ ಕೇಳುವ ಚಾಳಿ ಇರಲಿಲ್ಲ.

ಆಮೇಲೆ ಇಂಗ್ಲೆಂಡಿನವರು ಯುರೋಪಿನ ಒಕ್ಕೂಟ ಬಿಟ್ಟು ಹೊರಡುತ್ತೇವೆಂದು ವೋಟು ಹಾಕಿದರು. ಹಾಕಿದ ಮರುದಿನವೇ ಅರ್ಧ ಊರು ಐರಿಶ್ ಅಜ್ಜಿಯಂದಿರನ್ನು ಹುಡುಕತೊಡಗಿತು. ಐರಿಶ್ ಅಜ್ಜಿಯಿದ್ದರೆ ಐರಿಶ್ ಪಾಸ್‌ಪೋರ್ಟ್, ಅದಿದ್ದರೆ ಯುರೋಪಿನಲ್ಲಿ ಎಲ್ಲಿ ಬೇಕಾದರೂ ಕೆಲಸ. ನಲವತ್ತು ವರ್ಷ ನೋನಿಯ ಮಾತಿನ ಧಾಟಿಯನ್ನು ಅಣಕಿಸಿ ನಕ್ಕವರೆಲ್ಲ ಈಗ ಅವಳ ಬಾಗಿಲಿಗೆ ಬಂದು, ನಮ್ಮ ಮುತ್ತಜ್ಜಿಯೂ ನಿಮ್ಮ ಕಡೆಯವಳೇ ಇರಬೇಕು ನೋಡಿ ಎನ್ನುತ್ತಿದ್ದರು. ನಾಚಿಕೆ ಎಂಬುದು ಕೆಲವರ ರಕ್ತದಲ್ಲೇ ಇರುವುದಿಲ್ಲ.

ನೋನಿಯ ಮೊಮ್ಮಗ ಡಾಮ್‌ಗೆ ಮಾತ್ರ ಅದು ನಿಜವಾಗಿ ಬೇಕಿತ್ತು. ಇಪ್ಪತ್ತೊಂಬತ್ತರ ಹುಡುಗ, ಬೆಲ್ಜಿಯಮ್ಮಿನ ಘೆಂಟ್ ಊರಿನಲ್ಲಿ ಬೇಕರಿಗಳಿಗೆ ಒಲೆ ಜೋಡಿಸುವ ಕೆಲಸ. ಅಲ್ಲಿಯೇ ಮನೆ ಮಾಡಿ ಐದು ವರ್ಷವಾಗಿತ್ತು. ಇಂಗ್ಲೆಂಡ್ ಹೊರಡುವ ದಿನ 2019ರ ಮಾರ್ಚ್ ಇಪ್ಪತ್ತೊಂಬತ್ತು. ಅಷ್ಟರೊಳಗೆ ಯುರೋಪಿನ ಪಾಸ್‌ಪೋರ್ಟ್ ತೋರಿಸದಿದ್ದರೆ ಕೆಲಸವಿಲ್ಲ ಎಂದು ಅವನ ಮಾಲೀಕ ಹೇಳಿಬಿಟ್ಟಿದ್ದ.

"ಅಜ್ಜಿ, ನಿನ್ನ ಜನನ ಪತ್ರ ಬೇಕು," ಎಂದು ಡಾಮ್ ಫೋನಿನಲ್ಲಿ ಕೇಳಿದ.

"ಯಾಕಪ್ಪಾ, ನಾನು ಹುಟ್ಟಿದೀನೋ ಇಲ್ವೋ ಅಂತ ನಿಂಗೆ ಅನುಮಾನಾನಾ?"

"ನಂಗಲ್ಲ, ಡಬ್ಲಿನ್ ಆಫೀಸಿನೋರಿಗೆ. ನೀನು ಸತ್ತಿದ್ರೆ ಇಷ್ಟು ರಗಳೆ ಇರ್ತಿರ್ಲಿಲ್ಲ. ನಿನ್ನ ಗುರುತಿನ ಕಾಗದಗಳ ಬದಲು ಮರಣ ಪತ್ರ ಒಂದು ಇಟ್ಟಿದ್ರೆ ಆಗಿರೋದು."

"ಸ್ವಲ್ಪ ಕಾಯಿ, ಅದಕ್ಕೂ ಏನಾದ್ರೂ ವ್ಯವಸ್ಥೆ ಮಾಡೋಣ."

ಡಾಮ್‌ನ ಅಪ್ಪ ಟೆರಿ, ಅಂದರೆ ನೋನಿಯ ಮಗ, ಅಲ್ಲೇ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಐವತ್ತೆಂಟು ವರ್ಷದ ಟೆರಿ ಒಕ್ಕೂಟ ಬಿಡಬೇಕೆಂದು ವೋಟು ಹಾಕಿದವನು. ಅವನ ವ್ಯಾನಿನ ಕಿಟಕಿಗೆ ಇಂಗ್ಲೆಂಡಿನ ಬಾವುಟ ಸಿಕ್ಕಿಸಿ ಮೂರು ವರ್ಷವಾಗಿ ಅದು ಮಸಿಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಡಾಮ್ ಫೋನಿನಲ್ಲಿ ಇನ್ನೊಂದು ವಿಷಯ ಹೇಳಿದ್ದನ್ನು ನೋನಿ ಮಗನಿಗೆ ದಾಟಿಸಿದಳು: ಐರ್ಲೆಂಡಿನಲ್ಲಿ ಹುಟ್ಟಿದವರ ಮಕ್ಕಳು ಅರ್ಜಿ ಹಾಕಬೇಕಾಗಿಯೇ ಇಲ್ಲ, ಹುಟ್ಟಿದಾಗಿನಿಂದಲೇ ಐರಿಶ್ ಪ್ರಜೆಗಳು.

ಟೆರಿಯ ಬಿಸ್ಕತ್ತು ಚಹಾದಲ್ಲಿ ಮುರಿದು ಬಿತ್ತು. "ಅಂದ್ರೆ ನಾನೂ?"

"ನೀನೂ."

"ಐವತ್ತೆಂಟು ವರ್ಷದಿಂದ? ನನ್ನನ್ನ ಒಂದು ಮಾತೂ ಕೇಳದೆ?"

"ನಿದ್ದೆ ಮಾಡ್ತಿದ್ದಾಗ್ಲೂ," ಎಂದಳು ನೋನಿ. "ಆ ಬಾವುಟ ಸಿಕ್ಕಿಸ್ತಿದ್ದಾಗ್ಲೂ."

ಟೆರಿ ಆ ದಿನವೆಲ್ಲ ಕಾಯಿಲೆ ಇದೆಯೆಂದು ಡಾಕ್ಟರ್ ಹೇಳಿದವನ ಹಾಗೆ ಕೂತಿದ್ದ.

ಜನನ ಪತ್ರ ಅಂಚೆಯಲ್ಲಿ ಬಂದಾಗ ಅದರಲ್ಲಿ ಹೆಸರು ಸರಿಯಿತ್ತು, ಅಪ್ಪ ಅಮ್ಮನ ಹೆಸರು ಸರಿಯಿತ್ತು, ಹಳ್ಳಿಯೂ ಸರಿಯಿತ್ತು. ಹುಟ್ಟಿದ ದಿನ ಮಾತ್ರ 1933ರ ಫೆಬ್ರವರಿ ಮೂರು ಎಂದಿತ್ತು. ಗುಮಾಸ್ತರ ಕೈತಪ್ಪು ಎಂದುಕೊಂಡು ಡಾಮ್ ಅದನ್ನು ಹಾಗೆಯೇ ಡಬ್ಲಿನ್ನಿಗೆ ಕಳಿಸಿದ. ಡಬ್ಲಿನ್ನಿನವರು ಮದುವೆಯ ಪತ್ರ, ಬಸ್ ಪಾಸು ಎಲ್ಲದರಲ್ಲೂ 1935 ಇರುವುದನ್ನು ಕಂಡು ಕಡತವನ್ನು ತಡೆಹಿಡಿದು, ಈ ಅಜ್ಜಿ ಯಾರು ಎಂಬುದನ್ನು ಮೊದಲು ಇತ್ಯರ್ಥ ಮಾಡಿ ಎಂದು ಬಹಳ ವಿನಯದಿಂದ ಬರೆದರು.

ನೋನಿ ತನ್ನ ಹುಟ್ಟೂರಿನ ಚರ್ಚಿಗೆ ಫೋನ್ ಮಾಡಿದಳು. ಅಲ್ಲಿಯ ಹೆಂಗಸು ಜ್ಞಾನಸ್ನಾನದ ಹಳೆಯ ಪುಸ್ತಕ ತೆಗೆದು ಓದಿದಳು. ಒಬ್ಬರಲ್ಲ, ಇಬ್ಬರು ನೋನಿ ಹಾರ್ಟಿಗನ್ ಇದ್ದರು, ಒಂದೇ ಅಪ್ಪ ಅಮ್ಮನಿಗೆ. ಒಬ್ಬಳು ಮೂವತ್ಮೂರರ ಫೆಬ್ರವರಿ. ಇನ್ನೊಬ್ಬಳು ಮೂವತ್ತೈದರ ನವೆಂಬರ್. ಮೊದಲಿನವಳ ಹೆಸರಿನ ಪಕ್ಕದಲ್ಲಿ, ಅಂಚಿನಲ್ಲಿ, ‘ಅಕ್ಟೋಬರಿನಲ್ಲಿ ತೀರಿಕೊಂಡಿತು’ ಎಂದು ಪೆನ್ಸಿಲಿನಲ್ಲಿ ಬರೆದಿತ್ತು.

ನೋನಿ ಫೋನ್ ಇಟ್ಟಳು. ಅವರ ಕಡೆ ಮೊದಲ ಹೆಣ್ಣುಮಗುವಿಗೆ ಅಜ್ಜಿಯ ಹೆಸರಿಡಲೇಬೇಕು. ಆ ಮಗು ಹೋದರೆ ಹೆಸರು ಹೋಗಬಾರದು, ಮುಂದಿನದಕ್ಕೆ ಇಡುತ್ತಾರೆ. ಅಪ್ಪ ಮೊದಲ ಮಗುವನ್ನು ನೋಂದಣಿ ಕಚೇರಿಯಲ್ಲಿ ಬರೆಸಲು ಒಂಬತ್ತು ಮೈಲಿ ನಡೆದು ಹೋಗಿದ್ದಿರಬೇಕು. ಅದು ಸತ್ತಿತು ಎಂದು ಬರೆಸಲು ಮತ್ತೆ ಒಂಬತ್ತು ಮೈಲಿ ನಡೆಯುವ ಕಾಲು ಯಾವ ಅಪ್ಪನಿಗಿರುತ್ತದೆ? ಎರಡನೆಯವಳು ಹುಟ್ಟಿದಾಗ, ಹೆಸರು ಅದೇ, ಮನೆ ಅದೇ, ಕಾಗದ ಆಗಲೇ ಇದೆ, ಇನ್ನೊಂದು ಯಾಕೆ ಎಂದುಕೊಂಡ. ಹೀಗಾಗಿ ಸರ್ಕಾರದ ಪುಸ್ತಕದಲ್ಲಿ ಸತ್ತವಳು ಸತ್ತಿರಲಿಲ್ಲ, ಬದುಕಿದವಳು ಹುಟ್ಟಿರಲಿಲ್ಲ.

ಮನೆಯಲ್ಲಿ ಮಕ್ಕಳು ಆರು ಜನ, ನೋನಿಯೇ ಹಿರಿಯಳು. ಆದರೆ ಯಾರಾದರೂ ಎಷ್ಟು ಮಕ್ಕಳು ಎಂದು ಕೇಳಿದರೆ ಅಮ್ಮ ಏಳು ಎನ್ನುತ್ತಿದ್ದಳು. ಅಮ್ಮನಿಗೆ ಲೆಕ್ಕ ಬರುವುದಿಲ್ಲವೆಂದು ಮಕ್ಕಳೆಲ್ಲ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನೋನಿಯೇ ನಗುತ್ತಿದ್ದಳು. ಅದು ಈಗ ನೆನಪಾಗಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮಾರ್ಚ್ ಆರರಂದು ಟೆರಿ ಅವಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು, ಹಡಗು ದಾಟಿಸಿ, ಮೇಯೋದ ನೋಂದಣಿ ಕಚೇರಿಗೆ ಕರೆತಂದ. ದಾರಿಯುದ್ದಕ್ಕೂ ಅವನದು ಒಂದೇ ಪಾಠ.

"ಅಮ್ಮ, ತಾರೀಖು ತಪ್ಪಾಗಿ ಬಿದ್ದಿದೆ ಅಷ್ಟೇ. ಆ ಮಗು ವಿಷಯ ಎತ್ತಬೇಡ. ಬಾಯಿ ಮುಚ್ಕೊಂಡು ಸಹಿ ಹಾಕು."

"ಎಂಬತ್ಮೂರು ವರ್ಷದಲ್ಲಿ ನಾನು ಬಾಯಿ ಮುಚ್ಕೊಂಡು ಏನು ಮಾಡಿದೀನಿ?"

ಕಚೇರಿಯ ಮುನ್ನೆಲಿ ಎಂಬಾಕೆ ಐವತ್ತರ ಹೆಂಗಸು. ಮೊದಲು ನೋನಿಯ ಸೋದರ ಸಂಬಂಧಿಗಳು ಯಾರ್ಯಾರು, ಯಾವ ಸೇತುವೆಯ ಹತ್ತಿರದ ಹಾರ್ಟಿಗನ್ನರು ಎಂಬುದನ್ನೆಲ್ಲ ಕಾಲು ಗಂಟೆ ವಿಚಾರಿಸಿಕೊಂಡು, ಆಮೇಲೆ ಕಾಗದ ನೋಡಿದಳು. ಟೆರಿ ತಾನೇ ಮುಂದೆ ಬಿದ್ದು ತಾರೀಖು ತಪ್ಪಾಗಿದೆ ಎಂದ.

"ಇಂಥವು ಬೇಕಾದಷ್ಟು ಬರ್ತವೆ," ಎಂದಳು ಮುನ್ನೆಲಿ. "ತಪ್ಪಾಗಿದೆ ಅಂತ ಒಂದು ಪ್ರಮಾಣ ಪತ್ರ ಬರ್ಕೊಡಿ ತಾಯಿ. ಮೂವತ್ಮೂರನ್ನ ಮೂವತ್ತೈದು ಮಾಡಿ ಹೊಸ ಪ್ರತಿ ಈಗ್ಲೇ ಕೊಡ್ತೀನಿ. ಹತ್ತು ನಿಮಿಷದ ಕೆಲ್ಸ."

ಟೆರಿ ಪೆನ್ನನ್ನು ಅಮ್ಮನ ಕೈಗಿಟ್ಟ. ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಅಪ್ಪನ ಸಹಿ ಇರಬೇಕಾದ ಕಡೆ ಒಂದು ಗೀಟು ಹಾಕಿತ್ತು. ಅವನಿಗೆ ಬರೆಯಲು ಬರುತ್ತಿರಲಿಲ್ಲ. ನೋನಿ ಆ ಗೀಟನ್ನೇ ನೋಡುತ್ತ, "ಮೂವತ್ತೈದು ಮಾಡಿದ್ರೆ ಮೂವತ್ಮೂರರ ಮಗು ಏನಾಗುತ್ತೆ?" ಎಂದಳು.

"ಯಾವ ಮಗು?"

"ಅಮ್ಮ," ಎಂದ ಟೆರಿ.

"ಇದು ತಪ್ಪಲ್ಲ ಕಣಮ್ಮಾ," ಎಂದಳು ನೋನಿ ಮುನ್ನೆಲಿಗೆ. "ಅವಳು ಇದ್ಳು. ನನ್ನ ಅಕ್ಕ. ಅವಳ ಸಾಲು ಇದು. ನಂದು ಇಲ್ಲವೇ ಇಲ್ಲ." ಅವಳು ಪೆನ್ನನ್ನು ಕೆಳಗಿಟ್ಟಳು.

ಮುನ್ನೆಲಿ ಕನ್ನಡಕ ತೆಗೆದಳು. ಹಾಗಿದ್ದರೆ ದಾರಿ ಬೇರೆ ಎಂದಳು. ಮೊದಲು ಅಕ್ಕನ ಸಾವು ಬರೆಯಬೇಕು, ಆಮೇಲೆ ನೋನಿಯ ಹುಟ್ಟು. ಎಂಬತ್ತೈದು ವರ್ಷ ತಡವಾದ ಸಾವಿಗೆ ಮೇಲಿನವರ ಅನುಮತಿ ಬೇಕು. ಏನಿಲ್ಲವೆಂದರೂ ಐದು ವಾರ. ಡಾಮ್‌ಗೆ ಉಳಿದಿದ್ದದ್ದು ಮೂರು ವಾರ.

ನೋನಿ ತಾನೇ ಮೊಮ್ಮಗನಿಗೆ ಫೋನ್ ಮಾಡಿ ಹೇಳಿದಳು. ಆ ಕಡೆಯಿಂದ ಡಾಮ್, "ನಿಂಗೆ ತಲೆ ಕೆಟ್ಟಿದೆಯಾ ಅಜ್ಜಿ? ಸತ್ತು ಎಂಬತ್ತೈದು ವರ್ಷ ಆದ ಮಗುಗೋಸ್ಕರ ಬದುಕಿರೋ ನಾನು ಬೀದಿಗೆ ಬೀಳ್ಬೇಕಾ?" ಎಂದು ಫೋನ್ ಕಟ್ ಮಾಡಿದ. ತಪ್ಪೇನೂ ಹೇಳಿರಲಿಲ್ಲ. ಟೆರಿ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತ. ಪೆನ್ನು ಇನ್ನೂ ಅಲ್ಲೇ ಇತ್ತು. ಎತ್ತಿಕೊಂಡರೆ ಎಲ್ಲ ಮುಗಿಯುತ್ತಿತ್ತು.

ಹತ್ತು ನಿಮಿಷದ ಮೇಲೆ ಫೋನ್ ಬಂತು.

"ಅವಳನ್ನ ಎಲ್ಲಿ ಹೂತಿದಾರೆ ಅಜ್ಜಿ?"

"ಗೊತ್ತಿಲ್ಲ ಕಣೋ. ಕಲ್ಲಿಲ್ಲ, ಏನಿಲ್ಲ. ಚರ್ಚಿನಲ್ಲಿ ಒಂದು ಸಾಲು, ಇಲ್ಲೊಂದು ಸಾಲು. ಅಷ್ಟೇ ಅವಳ ಆಸ್ತಿ."

ಡಾಮ್ ಉಸಿರುಬಿಟ್ಟಿದ್ದು ಕೇಳಿಸಿತು. "ಅದ್ರಲ್ಲಿ ಅರ್ಧ ನಾನು ಕಿತ್ಕೊಳ್ಳೋದು ಬೇಡ. ಇದ್ದದ್ದನ್ನ ಇದ್ದ ಹಾಗೆ ಬರೆಸು. ಒಲೆ ಜೋಡಿಸೋಕೆ ಕೊವೆಂಟ್ರಿಲೂ ಬೇಕರಿ ಇದಾವೆ."

ಕೊವೆಂಟ್ರಿಯಲ್ಲಿ ಎಷ್ಟು ಬೇಕರಿ ಉಳಿದಿವೆ ಎಂದು ನೋನಿಗೆ ಗೊತ್ತಿತ್ತು.

ಮುನ್ನೆಲಿ ಮೊದಲ ನಮೂನೆ ತೆಗೆದಳು. ಕಾನೂನಿನ ಪ್ರಶ್ನೆ, ಕೇಳಲೇಬೇಕು. "ಸಾವಿನ ಹೊತ್ತಲ್ಲಿ ನೀವು ಅಲ್ಲಿದ್ರಾ?"

"ಇಲ್ಲ. ನಾನಿನ್ನೂ ಹುಟ್ಟಿರ್ಲಿಲ್ಲ."

ಮುನ್ನೆಲಿ ಬರೆದುಕೊಂಡಳು. ಎರಡನೇ ನಮೂನೆ. "ನಿಮ್ಮ ಜನನದ ಹೊತ್ತಲ್ಲಿ ಹಾಜರಿದ್ದೋರು ಯಾರಾದ್ರೂ ಬದುಕಿದಾರಾ?"

"ಒಬ್ರು ಇದಾರೆ."

"ಯಾರು?"

"ನಾನು."

ಮುನ್ನೆಲಿ ಅದನ್ನೂ ಗಂಭೀರವಾಗಿ ಬರೆದುಕೊಂಡಳು. ಟೆರಿಗೆ ನಗು ತಡೆಯಲಾಗಲಿಲ್ಲ. ಹೊರಗೆ ಹೋಗಿ ವ್ಯಾನಿನಲ್ಲಿ ಕೂತು ನಕ್ಕ. ವಾಪಸು ಬಂದಾಗ ಕಣ್ಣು ಕೆಂಪಗಿತ್ತು.

ಮಾರ್ಚ್ ಇಪ್ಪತ್ತೊಂಬತ್ತು ಬಂತು. ನೋನಿಯ ಕಾಗದಗಳು ಸಿದ್ಧವಾಗಿರಲಿಲ್ಲ. ಆದರೆ ನೋಡಿ, ಇಂಗ್ಲೆಂಡಿನ ಕಾಗದಗಳೂ ಸಿದ್ಧವಾಗಿರಲಿಲ್ಲ. ಮೂರು ವರ್ಷ ಹೊರಡುತ್ತೇನೆ, ಹೊರಡುತ್ತೇನೆ ಎಂದು ಬಾಗಿಲಲ್ಲಿ ನಿಂತು ಕೂಗಿದ ದೇಶ, ಹೊರಡುವ ದಿನ ಹತ್ತಿರವಾದಾಗ ಮುಂದಕ್ಕೆ ಹಾಕಿತು. ಆಮೇಲೆ ಇನ್ನೊಮ್ಮೆ ಹಾಕಿತು. ಘೆಂಟಿನ ಮಾಲೀಕನೂ ಬೈದುಕೊಂಡು ಡಾಮ್‌ಗೆ ಹೊಸ ಗಡುವು ಕೊಟ್ಟ. ಟೆರಿ ತನ್ನ ಸರ್ಕಾರದ ಕೈಲಾಗದತನವನ್ನು ಮೊಟ್ಟಮೊದಲ ಬಾರಿಗೆ ಹೊಗಳಿದ. ಏಪ್ರಿಲ್ ಕೊನೆಗೆ ಒಂದೇ ಲಕೋಟೆಯಲ್ಲಿ ಒಂದು ಮರಣ ಪತ್ರ, ಒಂದು ಜನನ ಪತ್ರ ಬಂದವು. ಬೇಸಿಗೆಯಲ್ಲಿ ಡಾಮ್‌ಗೆ ಪಾಸ್‌ಪೋರ್ಟ್ ಸಿಕ್ಕಿತು. ಟೆರಿಯೂ ಸದ್ದಿಲ್ಲದೆ ಒಂದು ಮಾಡಿಸಿಕೊಂಡ. ರಜೆಗೆ ಹೋದಾಗ ಸ್ಪೇನಿನ ವಿಮಾನ ನಿಲ್ದಾಣದಲ್ಲಿ ಯುರೋಪಿನ ಪಾಸ್‌ಪೋರ್ಟಿನವರ ಸಾಲು ಚಿಕ್ಕದಿರುತ್ತದಂತೆ. ಬಾವುಟವನ್ನು ಮಾತ್ರ ತೆಗೆಯಲಿಲ್ಲ.

ನೋನಿ ಕೊವೆಂಟ್ರಿಯ ಚರ್ಚಿನಲ್ಲಿ ಅಕ್ಕನ ಹೆಸರಿನಲ್ಲಿ ಪೂಜೆಗೆ ಕೊಟ್ಟಳು. ಚರ್ಚಿನ ವಾರದ ಹಾಳೆಯಲ್ಲಿ, ತೀರಿಕೊಂಡವರ ಪಟ್ಟಿಯಲ್ಲಿ, ‘ನೋನಿ ಹಾರ್ಟಿಗನ್, ಮೇಯೋ’ ಎಂದು ಬಂತು. ಮದುವೆಗೆ ಮುಂಚೆ ಅವಳನ್ನು ಅದೇ ಹೆಸರಿನಿಂದ ಬಲ್ಲವರು ಊರಿನಲ್ಲಿ ಇನ್ನೂ ಇದ್ದರು ಎಂಬುದನ್ನು ಅವಳು ಯೋಚಿಸಲಿಲ್ಲ. ಭಾನುವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಕ್ಯಾಂಟೀನಿನಲ್ಲಿ ಜೊತೆಗೆ ದುಡಿದ ಪೆಗ್ ಡರ್ಕನ್, ಕಪ್ಪು ಕೋಟು ಹಾಕಿಕೊಂಡು, ಟೆರಿಗೆ ಸಮಾಧಾನ ಹೇಳಲು ಒಂದು ತಟ್ಟೆ ಹ್ಯಾಮ್ ಸ್ಯಾಂಡ್‌ವಿಚ್ ಹಿಡಿದು ನಿಂತಿದ್ದಳು. ಬಾಗಿಲು ತೆರೆದವಳನ್ನು ನೋಡಿ ಅವಳ ತಟ್ಟೆ ವಾಲಿತು.

"ನೀನು ಸತ್ತಿಲ್ವೇನೇ?"

"ನಾನಲ್ಲ ಪೆಗ್. ನನ್ನ ಅಕ್ಕ."

"ನಿಂಗೆ ಅಕ್ಕ ಇದ್ಳಾ? ಯಾವಾಗ ಹೋದ್ಳು?"

"ಮೂವತ್ಮೂರನೇ ಇಸವಿಲಿ. ಎಂಟು ತಿಂಗಳ ಮಗು."

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಪೆಗ್ ತಟ್ಟೆಯನ್ನು ಅಂಗಳದ ಮೋಟುಗೋಡೆಯ ಮೇಲಿಟ್ಟು, ಕೈಗವಸು ಕಳಚಿ, ನೋನಿಯ ಕೈ ಹಿಡಿದುಕೊಂಡಳು. "ನಿನ್ನ ದುಃಖದಲ್ಲಿ ನಾನೂ ಇದೀನಿ, ನೋನಿ," ಎಂದಳು. ಸಾವಿನ ಮನೆಗೆ ಹೋದಾಗ ಅವರ ಕಡೆ ಎಲ್ಲರೂ ಹೇಳುವ ಮಾತು ಅದು, ಬೇರೇನೂ ಅಲ್ಲ.

ಸಂಜೆಯೊಳಗೆ ಹನ್ನೊಂದು ಜನ ಬಂದರು. ಎಲ್ಲರೂ ಅವಳನ್ನು ಕಂಡು ಬೆಚ್ಚಿದರು, ಎಲ್ಲರಿಗೂ ಅವಳು ಅದನ್ನೇ ಹೇಳಿದಳು, ಎಲ್ಲರೂ ಕೈ ಹಿಡಿದು ಅದೇ ಮಾತು ಹೇಳಿದರು. ಒಂಬತ್ತು ಮೈಲಿ ನಡೆಯಲಾಗದ ಅಪ್ಪನಿಗೂ ಏಳು ಎಂದು ಎಣಿಸುತ್ತಿದ್ದ ಅಮ್ಮನಿಗೂ ಆ ಮಾತನ್ನು ಯಾರಾದರೂ ಹೇಳಿದ್ದರೋ ಇಲ್ಲವೋ ನೋನಿಗೆ ಗೊತ್ತಿರಲಿಲ್ಲ. ಅವಳು ಒಬ್ಬೊಬ್ಬರ ಕೈಯನ್ನೂ ಅಮ್ಮನ ಪರವಾಗಿ ಹಿಡಿದುಕೊಂಡಳು, ಒಳಗೆ ಕರೆದು ಕೂರಿಸಿ ಚಹಾ ಕೊಟ್ಟಳು, ಮನೆಯಲ್ಲಿ ನೀವು ಎಷ್ಟು ಜನ ಮಕ್ಕಳು ಎಂದು ಒಬ್ಬರು ಕೇಳಿದಾಗ ಏಳು ಎಂದಳು.